ಸ್ಟ್ರೋಕ್ ಆದವರಿಗೆ ಎಷ್ಟು ಆರೈಕೆ ಬೇಕು? ವಾರ್ಡಿನಲ್ಲಿ ಅಳೆಯುವ ಬಗೆ

ಒಂದು ಮಂಚದಲ್ಲಿ ಬಲಗೈ, ಬಲಗಾಲು ಎರಡೂ ಬಿದ್ದುಹೋದ ಅಜ್ಜ. ಮಾತಿಲ್ಲ, ಅಲುಗಾಟವಿಲ್ಲ. ಪಕ್ಕದ ಮಂಚದವರಿಗೆ ಎಡಗೈಯಲ್ಲಿ ಸ್ವಲ್ಪ ಬಲ ಕಡಿಮೆ, ಅಷ್ಟೇ. ಮಾತು ಸ್ಪಷ್ಟವಾಗಿದೆ. ‘ನನಗೇನೂ ಆಗಿಲ್ಲ, ಮನೆಗೆ ಕಳಿಸಿ’ ಎಂದು ಹಟ. ಈ ರಾತ್ರಿ ಇಬ್ಬರಲ್ಲಿ ಯಾರ ಮೇಲೆ ಜಾಸ್ತಿ ಕಣ್ಣಿಡಬೇಕು?

ಅಜ್ಜನಿಗೆ ಮಾಡಬೇಕಾದ ಕೆಲಸ ಬೇಕಾದಷ್ಟಿದೆ. ಆದರೆ ಬೀಳುವ ಸಾಧ್ಯತೆ ಹೆಚ್ಚಿರುವುದು ಎರಡನೆಯವರಿಗೆ. ಮೆದುಳಿನ ಬಲಭಾಗಕ್ಕೆ ಪೆಟ್ಟಾದಾಗ ಕೆಲವರಿಗೆ ತಮಗೆ ಎಡಗಡೆ ಎಂಬುದೊಂದು ಇದೆ ಅನ್ನುವುದೇ ಗಮನಕ್ಕೆ ಬರುವುದಿಲ್ಲ. ಕಾಯಿಲೆ ಇದೆ ಎಂದೂ ಅನಿಸುವುದಿಲ್ಲ. ರಾತ್ರಿ ಮೂತ್ರಕ್ಕೆಂದು ಸೀದಾ ಎದ್ದು ನಿಲ್ಲುತ್ತಾರೆ, ಎಡಗಾಲು ಮಡಚಿಕೊಳ್ಳುತ್ತದೆ. ಕಾಯಿಲೆ ಎಷ್ಟು ಜೋರು ಎನ್ನುವುದು ಒಂದು ಲೆಕ್ಕ, ಆರೈಕೆ ಎಷ್ಟು ಬೇಕು ಎನ್ನುವುದು ಇನ್ನೊಂದು ಲೆಕ್ಕ. ಡಾಕ್ಟರ ಫೈಲಿನಲ್ಲಿ ಮೊದಲನೆಯದು ಸಿಗುತ್ತದೆ. ಎರಡನೆಯದನ್ನು ನರ್ಸ್ ಮಂಚದ ಬಳಿ ನಿಂತು ತಾನೇ ಅಳೆಯಬೇಕು.

ಕಾಸರಗೋಡು, ಕುಂಬಳೆ, ಮಂಜೇಶ್ವರ ಕಡೆಯ ಆಸ್ಪತ್ರೆಗಳಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ನರ್ಸ್‌ಗಳನ್ನು ಮನಸ್ಸಿನಲ್ಲಿಟ್ಟು ಇದನ್ನು ಬರೆಯುತ್ತಿದ್ದೇನೆ. ಬೈಸ್ಟ್ಯಾಂಡರ್ ಆಗಿ ಕೂತಿರುವ ಮನೆಯವರೂ ಓದಬಹುದು. ಆದರೆ ಇಲ್ಲಿರುವ ಪರೀಕ್ಷೆಗಳನ್ನು ನೀವೇ ಮಾಡಿ ನೋಡಬೇಡಿ. ನುಂಗುವ ಪರೀಕ್ಷೆಯನ್ನಂತೂ ಬೇಡವೇ ಬೇಡ.

ಮೊದಲ ಹೆಜ್ಜೆ: ಕೊನೆಯ ಸಲ ಸರಿಯಿದ್ದದ್ದು ಯಾವಾಗ?

ರೋಗಿ ಬಂದ ಕೂಡಲೇ ಉಸಿರು, ನಾಡಿ, ಬಿಪಿ, ಆಕ್ಸಿಜನ್, ಸಕ್ಕರೆ ನೋಡುವುದು ಎಲ್ಲರಿಗೂ ಗೊತ್ತು. ಸಕ್ಕರೆಯನ್ನು ಮಾತ್ರ ಎಂದೂ ಮುಂದೂಡಬೇಡಿ. ಸಕ್ಕರೆ 60ಕ್ಕಿಂತ ಕೆಳಗೆ ಇಳಿದರೆ ಥೇಟ್ ಸ್ಟ್ರೋಕ್‌ನಂತೆಯೇ ಕಾಣಬಹುದು. ಆಕ್ಸಿಜನ್ 94ಕ್ಕಿಂತ ಕಡಿಮೆಯಾದರೆ ಕೊಡಬೇಕು. ಸರಿಯಿದ್ದವರಿಗೆ ಸುಮ್ನೆ ಮಾಸ್ಕ್ ಹಾಕುವುದರಿಂದ ಲಾಭವಿಲ್ಲ.

ಇದರ ಜೊತೆಗೇ ಸಮಯ ಕೇಳಬೇಕು. ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ಕೊಡಲು ಸಾಮಾನ್ಯವಾಗಿ ಇರುವ ಅವಧಿ ನಾಲ್ಕೂವರೆ ಗಂಟೆ. ತೊಂದರೆ ಕಣ್ಣಿಗೆ ಬಿದ್ದ ಹೊತ್ತಿನಿಂದ ಇದನ್ನು ಎಣಿಸುವುದಲ್ಲ, ರೋಗಿ ಕೊನೆಯ ಸಲ ಸರಿಯಿದ್ದ ಹೊತ್ತಿನಿಂದ ಎಣಿಸಬೇಕು. ‘ಬೆಳಿಗ್ಗೆ ಎದ್ದಾಗ ಬಾಯಿ ಸೊಟ್ಟಗಿತ್ತು’ ಅಂದರೆ ಲೆಕ್ಕ ಹಿಂದಿನ ರಾತ್ರಿಗೆ ಹೋಗುತ್ತದೆ. ಗಾಬರಿಯಲ್ಲಿದ್ದವರ ಬಾಯಲ್ಲಿ ಗಂಟೆ ಬರುವುದಿಲ್ಲ. ಹಾಗಾಗಿ ಕೆಲಸಗಳನ್ನು ಹಿಡಿದು ಕೇಳಿ. ತೋಟಕ್ಕೆ ಪಂಪು ಹಾಕಿದ್ದು ಯಾರು? ಡಿಪೋಗೆ ಹಾಲು ಕೊಟ್ಟು ಬಂದದ್ದು ಅವರೇನಾ? ಗಲ್ಫ್‌ನಲ್ಲಿರುವ ಮಗನ ಜೊತೆ ಮಾತಾಡಿದ್ದರೆ ಫೋನ್ ತೆಗೆದು ನೋಡಿ, ನಿಮಿಷ ಸಮೇತ ಸಿಗುತ್ತದೆ. ‘ಆಗ ಮಾತು ಸರಿಯಿತ್ತಾ’ ಎಂದು ಮಗನನ್ನೇ ಕೇಳಬಹುದು.

ನಮ್ಮ ಕಡೆ ಎಷ್ಟೋ ಜನ ತಲಪಾಡಿ ದಾಟಿ ಮಂಗಳೂರಿಗೆ ಹೋಗುವವರು. ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಕಳಿಸುವಾಗ ಈ ಸಮಯವನ್ನು ಚೀಟಿಯ ಮೇಲ್ಭಾಗದಲ್ಲಿ ದೊಡ್ಡದಾಗಿ ಬರೆಯಿರಿ. ರಕ್ತ ತೆಳುವಾಗುವ ಮಾತ್ರೆ ತಿನ್ನುತ್ತಿದ್ದರೆ ಅದನ್ನೂ, ಕೊನೆಯ ಡೋಸ್ ಯಾವಾಗ ಎಂಬುದನ್ನೂ ಸೇರಿಸಿ. ಆ ಕಡೆಯವರು ಮತ್ತೆ ಮೊದಲಿನಿಂದ ಕೇಳುತ್ತಾ ಕೂರುವುದು ತಪ್ಪುತ್ತದೆ.

ಇಂಜೆಕ್ಷನ್ ಕೊಟ್ಟಾಯಿತು ಅಂದರೆ ಆ ರೋಗಿಗೆ ಮೊದಲ ದಿನ ನರ್ಸ್ ಹತ್ತಿರದಲ್ಲೇ ಇರಬೇಕು. ಬಿಪಿಯನ್ನು ಮೊದಲ 2 ಗಂಟೆ 15 ನಿಮಿಷಕ್ಕೊಮ್ಮೆ, ಮುಂದಿನ 6 ಗಂಟೆ ಅರ್ಧ ಗಂಟೆಗೊಮ್ಮೆ, ಆಮೇಲೆ 24 ಗಂಟೆ ತುಂಬುವವರೆಗೆ ಗಂಟೆಗೊಮ್ಮೆ ನೋಡಬೇಕು. 180/105ರ ಕೆಳಗಿರಬೇಕು. ತಲೆನೋವು, ವಾಂತಿ, ದಿಢೀರ್ ಏರಿದ ಬಿಪಿ, ಮಂಪರು ಕಂಡರೆ ಮೆದುಳಿನಲ್ಲಿ ರಕ್ತ ಸೋರುತ್ತಿರಬಹುದು. ಆಗ ಡಾಕ್ಟರನ್ನು ಕರೆಯುವುದೊಂದೇ ಕೆಲಸ. ತುಟಿ, ನಾಲಿಗೆ ಊದುತ್ತಿದೆಯಾ ಎಂದೂ ನೋಡುತ್ತಿರಿ. ಇಂಜೆಕ್ಷನ್ ಕೊಡದ, ಗಡ್ಡೆಯಿಂದಾದ ಸ್ಟ್ರೋಕ್‌ನಲ್ಲಿ ಲೆಕ್ಕ ಬೇರೆ. ಅಲ್ಲಿ ಬಿಪಿ 220/120 ಮುಟ್ಟದಿದ್ದರೆ ಬೇರೆ ಕಾರಣವಿಲ್ಲದೆ ಮೊದಲ ದಿನವೇ ಇಳಿಸಲು ಹೋಗುವುದಿಲ್ಲ. ‘ಇಷ್ಟು ಬಿಪಿ ಇದ್ದರೂ ಮಾತ್ರೆ ಕೊಡಲಿಲ್ಲ’ ಎಂದು ಮನೆಯವರು ಸಿಟ್ಟಾಗುತ್ತಾರೆ. ಮೊದಲೇ ಹೇಳಿಬಿಡಿ.

ಎರಡು: ಮನೆಯಲ್ಲಿ ಯಾವ ಮಾತು?

ದೊಡ್ಡ ಪುಸ್ತಕಗಳಲ್ಲಿ ಈ ಹೆಜ್ಜೆಗೆ ಜಾಗ ಕಡಿಮೆ. ನಮ್ಮ ಜಿಲ್ಲೆಯಲ್ಲಿ ಇದಿಲ್ಲದೆ ಮುಂದಿನ ಯಾವ ಅಂಕವನ್ನೂ ನಂಬುವಂತಿಲ್ಲ. ಪೈವಳಿಕೆಯ ಅಜ್ಜಿ ಮನೆಯಲ್ಲಿ ತುಳು ಆಡುತ್ತಾರೆ, ಓದಿದ್ದು ಕನ್ನಡ. ನೋಡಿಕೊಳ್ಳುವ ಸಿಸ್ಟರ್ ಕಣ್ಣೂರಿನವರು, ಅವರದು ಮಲಯಾಳಂ. ಅಜ್ಜಿ ಉತ್ತರ ಕೊಡಲಿಲ್ಲ ಅಂದರೆ ಅದು ಸ್ಟ್ರೋಕಿನಿಂದಲೋ, ಪ್ರಶ್ನೆಯೇ ಅರ್ಥವಾಗದ್ದರಿಂದಲೋ? ಹವ್ಯಕ, ಬ್ಯಾರಿ, ಕೊಂಕಣಿ, ಮರಾಠಿ ಆಡುವ ಮನೆಗಳೂ ಇವೆ. ಅಡ್ಮಿಷನ್ ಹಾಳೆಯಲ್ಲಿ ‘ಮಾತೃಭಾಷೆ’ ಎಂದಿರುವ ಕಡೆ ‘ಕನ್ನಡ’ ಎಂದು ಬರೆದು ಮುಗಿಸಬೇಡಿ. ‘ಮನೆಯಲ್ಲಿ ಯಾವುದು, ಓದಲು ಬರುವುದು ಯಾವುದು’ ಎಂದು ಎರಡನ್ನೂ ಬರೆಯಿರಿ.

ಸ್ಟ್ರೋಕ್ ಅಂಕ ಕೊಡುವ ಎನ್‌ಐಎಚ್‌ಎಸ್‌ಎಸ್ ಪಟ್ಟಿಯಲ್ಲಿ 0ಯಿಂದ 42ರವರೆಗೆ ಲೆಕ್ಕವಿದೆ. ಅಂಕ ಹೆಚ್ಚಾದಷ್ಟು ತೊಂದರೆ ಹೆಚ್ಚು. ಅದರಲ್ಲಿ ಈಗ ಯಾವ ತಿಂಗಳು, ವಯಸ್ಸೆಷ್ಟು ಎಂದು ಕೇಳಬೇಕು. ಹತ್ತಿರ ಹತ್ತಿರ ಹೇಳಿದರೆ ಸರಿ ಎಂದು ಎಣಿಸುವಂತಿಲ್ಲ. ಆಗಸ್ಟ್ ಕೊನೆಯಲ್ಲಿ ಕೇಳಿದಾಗ ಅಜ್ಜಿ ತುಳು ತಿಂಗಳ ಹೆಸರಿನಲ್ಲಿ ‘ಸೋಣ’ ಅಂದರೆ ಅದು ಸರಿಯುತ್ತರ. ಮಲಯಾಳಂ ಹೆಸರಿನಲ್ಲಿ ‘ಚಿಂಗಂ’ ಅಂದರೂ ಸರಿ. ಇನ್ನು ವಯಸ್ಸು. ಎಷ್ಟೋ ಹಿರಿಯರಿಗೆ ತಮ್ಮ ನಿಜವಾದ ವಯಸ್ಸು ಕಾಯಿಲೆಗೆ ಮೊದಲೂ ಗೊತ್ತಿರಲಿಲ್ಲ. ‘ಮೊದಲು ಕೇಳಿದರೆ ಎಷ್ಟು ಅನ್ನುತ್ತಿದ್ದರು’ ಎಂದು ಮಗಳನ್ನು ಕೇಳಿ ಹೋಲಿಸಿ. ಅದೇ ಪಟ್ಟಿಯ ಚಿತ್ರಗಳಲ್ಲಿ ಪಾಪಾಸುಕಳ್ಳಿ, ಗ್ಲೌಸ್, ಮರಗಳ ನಡುವೆ ಕಟ್ಟುವ ಬಲೆಯ ತೊಟ್ಟಿಲು ಇವೆ. ತೋಟದಲ್ಲೇ ಬದುಕಿದವರಿಗೆ ಅವುಗಳ ಹೆಸರು ಬಾರದಿದ್ದರೆ ಮೆದುಳನ್ನು ದೂರುವುದು ಸರಿಯಲ್ಲ. ಕತ್ತಿ, ಚಮಚ, ಬೀಗದ ಕೈ, ಮುಟ್ಟಾಳೆ (ಹಾಳೆಯ ಟೊಪ್ಪಿ) ತೋರಿಸಿಯೂ ಕೇಳಿ. ಪಟ್ಟಿಯನ್ನು ನಿಮ್ಮಿಷ್ಟಕ್ಕೆ ಬದಲಿಸಬೇಡಿ. ಅಂಕವನ್ನು ನಿಯಮದಂತೆ ಕೊಟ್ಟು, ಬೇರೇನು ತೋರಿಸಿದಿರಿ ಎಂದು ಪಕ್ಕದಲ್ಲಿ ಬರೆಯಿರಿ.

ಹೇಳಿದ್ದು ಅರ್ಥವಾಗುತ್ತದೆಯೇ ಎಂದು ನೋಡುವಾಗ ಕೈಸನ್ನೆ ಮಾಡಬಾರದು. ತುಳುವಿನಲ್ಲಿ ‘ಕೈ ದೆರ್ಪುಲೆ’ (ಕೈ ಎತ್ತಿ) ಎನ್ನುತ್ತಾ ನಿಮ್ಮ ಕೈಯನ್ನೂ ಎತ್ತಿದರೆ ಅವರು ನಿಮ್ಮನ್ನು ನೋಡಿ ಎತ್ತುತ್ತಾರೆ, ಮಾತು ಅರ್ಥವಾಗಿ ಅಲ್ಲ. ಎಲ್ಲದಕ್ಕೂ ‘ಹೂಂ’ ಅನ್ನುವವರ ಬಗ್ಗೆಯೂ ಎಚ್ಚರ ಬೇಕು. ‘ನೀವು ಗಂಡಸಾ’, ‘ನೀವು ಹೆಂಗಸಾ’ ಎಂದು ಎರಡೂ ಕೇಳಿ. ಎರಡಕ್ಕೂ ಹೂಂ ಎಂದರೆ ಅವರ ‘ನೋವಿಲ್ಲ’ ಎಂಬ ಉತ್ತರವನ್ನೂ ನಂಬುವಂತಿಲ್ಲ. ಮುಖ, ಉಸಿರು, ಹುಬ್ಬು ನೋಡಿಯೇ ನೋವು ಅಳೆಯಬೇಕು.

ಮಂಚದ ತಲೆಗಡೆ ಒಂದು ಹಾಳೆ ಅಂಟಿಸಿ. ನೀರು, ನೋವು, ಮೂತ್ರ, ಸಾಕು ಇಂಥ ಕೆಲವೇ ಮಾತುಗಳನ್ನು ರೋಗಿಯ ಮನೆಮಾತಿನಲ್ಲಿ ಬರೆಯಿರಿ. ಯಾವ ಸಿಸ್ಟರ್ ಬರುತ್ತಾರೋ ಅವರಿಗೆ ಓದಲು ಬರುವ ಲಿಪಿಯಲ್ಲಿರಲಿ. ಕಣ್ಣೂರಿನ ಸಿಸ್ಟರ್ ‘ಬೇನೆ ಉಂಡಾ’ ಎಂದು ಕೇಳಿದರೆ ಅಜ್ಜಿಗೂ ಸಮಾಧಾನ.

ಮೂರು: ಎಚ್ಚರ

ಎಚ್ಚರ ಅಳೆಯಲು ಗ್ಲಾಸ್ಗೋ ಸ್ಕೇಲ್ ಇದೆ. 1974ರಿಂದ ಬಳಕೆಯಲ್ಲಿದೆ, ಅಂಕ 3ರಿಂದ 15. ಮಾತು ಹೋದವರಲ್ಲಿ ಇದರ ಒಟ್ಟು ಅಂಕ ದಾರಿ ತಪ್ಪಿಸುತ್ತದೆ. ಪೂರ್ತಿ ಎಚ್ಚರವಿದ್ದರೂ ಮಾತಿನ ಅಂಕ ಕಡಿಮೆ ಬರುತ್ತದಲ್ಲವಾ? ಕಣ್ಣು, ಮಾತು, ಚಲನೆ ಮೂರನ್ನೂ ಬೇರೆ ಬೇರೆ ಬರೆಯಿರಿ. ಚಲನೆಗೆ ಚೆನ್ನಾಗಿರುವ ಕಡೆಯ ಕೈಯನ್ನೇ ಎಣಿಸಬೇಕು. ಬಲ ಹೋದ ಕೈಯನ್ನು ಎಣಿಸಿದರೆ ಅದು ಎಚ್ಚರದ ಲೆಕ್ಕವಾಗುವುದಿಲ್ಲ.

ದೊಡ್ಡ ಸ್ಟ್ರೋಕ್ ಆದವರಲ್ಲಿ ಮೆದುಳಿನ ಊತ ಹೆಚ್ಚಾಗುವುದು ಸಾಮಾನ್ಯವಾಗಿ ಎರಡರಿಂದ ಐದನೇ ದಿನದ ಒಳಗೆ. ‘ನಿನ್ನೆ ಚೆನ್ನಾಗಿದ್ದರು, ಇವತ್ತು ತುಂಬಾ ನಿದ್ದೆ ಮಾಡುತ್ತಿದ್ದಾರೆ’ ಎಂದು ಬೈಸ್ಟ್ಯಾಂಡರ್ ಹೇಳಿದರೆ ತಳ್ಳಿಹಾಕಬೇಡಿ. ಹೋಗಿ ಎಬ್ಬಿಸಿ ನೋಡಿ. ಕಣ್ಣಿನ ಪಾಪೆ ಎರಡೂ ಒಂದೇ ಅಳತೆಯಲ್ಲಿವೆಯಾ ನೋಡಿ.

ನಾಲ್ಕು: ನುಂಗುವುದು

ಈ ಇಡೀ ಲೇಖನದಲ್ಲಿ ಒಂದೇ ಹೆಜ್ಜೆ ನೆನಪಿಡುತ್ತೇನೆ ಅಂದರೆ ಇದನ್ನೇ ಇಟ್ಟುಕೊಳ್ಳಿ. ಸ್ಟ್ರೋಕ್ ಆದ ಹೊಸದರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ನುಂಗಲು ತೊಂದರೆ ಇರುತ್ತದೆ. ನೀರು, ಅನ್ನ ಶ್ವಾಸನಾಳಕ್ಕೆ ಇಳಿದರೆ ನ್ಯುಮೋನಿಯಾ. ಸ್ಟ್ರೋಕಿನಿಂದ ಬದುಕಿ ನ್ಯುಮೋನಿಯಾದಿಂದ ಹೋದವರು ಕಡಿಮೆಯೇನಲ್ಲ.

ನಮ್ಮಲ್ಲಿ ಮನೆಯಲ್ಲೇ ತಪ್ಪು ಶುರುವಾಗುತ್ತದೆ. ಬಿದ್ದವರ ಬಾಯಿಗೆ ಮೊದಲು ನೀರು, ಇಲ್ಲವೇ ಬೊಂಡದ ನೀರು (ಎಳನೀರು), ಕಷಾಯ. ಪ್ರೀತಿಯಿಂದಲೇ ಕೊಡುತ್ತಾರೆ. ‘ಇಲ್ಲಿಗೆ ಬರುವ ಮೊದಲು ಬಾಯಿಗೆ ಏನಾದರೂ ಹಾಕಿದ್ದೀರಾ’ ಎಂದು ಬೈಯದೆ ಕೇಳಿ. ಬೈದರೆ ನಿಜ ಹೇಳುವುದಿಲ್ಲ. ಕೊಟ್ಟಿದ್ದಾರೆ ಅಂದರೆ ಎದೆಯ ಸದ್ದು, ಜ್ವರದ ಮೇಲೆ ಕಣ್ಣಿಡಬೇಕು. ಪರೀಕ್ಷೆ ಆಗುವವರೆಗೆ ಮಾತ್ರೆಯನ್ನೂ ಬಾಯಿಗೆ ಹಾಕಬಾರದು. ಮಾತ್ರೆಗೆಂದು ಒಂದು ಗುಟುಕು ನೀರು ಪರವಾಗಿಲ್ಲ ಎಂದುಕೊಳ್ಳುವವರು ಸಿಬ್ಬಂದಿಯಲ್ಲೂ ಇದ್ದಾರೆ.

ಪರೀಕ್ಷೆಗೆ ಮೊದಲು ನಾಲ್ಕು ವಿಷಯ ನೋಡಿ. ರೋಗಿ ಎಚ್ಚರವಾಗಿ ಇರಬಲ್ಲರೇ? ನೆಟ್ಟಗೆ ಕೂರಿಸಬಹುದೇ? ಕೆಮ್ಮು ಅಂದರೆ ಕೆಮ್ಮುತ್ತಾರೆಯೇ? ಸ್ವರ ಸ್ಪಷ್ಟವಿದೆಯೇ, ಇಲ್ಲ ಗಂಟಲಲ್ಲಿ ನೀರು ನಿಂತ ಹಾಗಿದೆಯೇ? ಒಂದಕ್ಕೆ ಇಲ್ಲ ಎಂದರೂ ಅಲ್ಲಿಗೇ ನಿಲ್ಲಿಸಿ. ಟಾರ್ಚ್ ಹಿಡಿದು ಬಾಯಿಯ ಒಳಗೂ ನೋಡಬೇಕು. ಬಲ ಹೋದ ಕಡೆಯ ದವಡೆಯ ಸಂದಿಯಲ್ಲಿ ಬೆಳಗಿನ ಎಲೆಅಡಿಕೆಯ ತುಣುಕು ಹಾಗೇ ಇರುತ್ತದೆ, ಅವರಿಗೆ ಗೊತ್ತೇ ಆಗಿರುವುದಿಲ್ಲ. ಹಲ್ಲಿನ ಸೆಟ್ ಇದ್ದರೆ ಅದು ಸಡಿಲವೇ ಎಂದು ನೋಡಿ. ಬಾಯಿ ತೊಳೆದ ಮೇಲೆಯೇ ಪರೀಕ್ಷೆ.

ಮೊದಲು ಚಹಾ ಚಮಚದಲ್ಲಿ ನೀರು. ಗಂಟಲಿನ ಗಂಟು ಮೇಲೆದ್ದು ಇಳಿಯುತ್ತದೆಯಾ ಎಂದು ಬೆರಳಿಟ್ಟು ನೋಡಿ. ಕೆಲವು ಚಮಚ ಸರಿಹೋದರೆ ಸಣ್ಣ ಗುಟುಕು. ಅದೂ ಸರಿಹೋದರೆ ಲೋಟದಲ್ಲಿ 90 ಮಿಲಿ, ನಿಲ್ಲಿಸದೆ ಕುಡಿಯಲು ಹೇಳಿ. ಪ್ರತಿ ಹಂತದಲ್ಲೂ ‘ಆ…’ ಎನ್ನಿಸಿ ಸ್ವರ ಕೇಳಿ. ಕೆಮ್ಮು, ಒದ್ದೆ ಸ್ವರ, ತುಟಿಯಿಂದ ಸೋರುವುದು, ಏದುಸಿರು ಇವುಗಳಲ್ಲಿ ಯಾವುದು ಕಂಡರೂ ನಿಲ್ಲಿಸಿ, ಡಾಕ್ಟರಿಗೂ ಸ್ಪೀಚ್ ಥೆರಪಿಸ್ಟ್‌ಗೂ ಹೇಳಿ. ಕೆಲವರಿಗೆ ನೀರು ಶ್ವಾಸನಾಳಕ್ಕೆ ಹೋದರೂ ಕೆಮ್ಮೇ ಬರುವುದಿಲ್ಲ. ಅದಕ್ಕೇ ಪಾಸಾದವರ ಮೇಲೂ ಮೊದಲ ಕೆಲವು ಊಟಗಳಲ್ಲಿ ಕಣ್ಣಿರಲಿ. ಗಂಟಲು ಮುಟ್ಟಿ ಓಕರಿಕೆ ಬರುತ್ತದೆಯಾ ನೋಡುವುದನ್ನೇ ಪರೀಕ್ಷೆ ಎಂದುಕೊಳ್ಳಬೇಡಿ. ಅದಕ್ಕೂ ನುಂಗುವ ಶಕ್ತಿಗೂ ಸರಿಯಾದ ತಾಳೆಯಿಲ್ಲ.

ಗಂಜಿಯ ಬಗ್ಗೆ ಒಂದು ಮಾತು. ಕಾಯಿಲೆಯವರಿಗೆ ಗಂಜಿ ಅಂದರೆ ಹಗುರ ಊಟ ಎಂಬ ನಂಬಿಕೆ ಗಟ್ಟಿಯಾಗಿದೆ. ಹೊಟ್ಟೆಗೆ ಅದು ಹಗುರವೇ. ಗಂಟಲಿಗೆ ಕಷ್ಟ. ಕುಚ್ಚಲಕ್ಕಿ ಗಂಜಿಯಲ್ಲಿ ತೆಳು ತಿಳಿಯೂ ಇದೆ, ಅಗುಳೂ ಇದೆ. ಅಗುಳನ್ನು ಅಗಿಯುವಷ್ಟರಲ್ಲಿ ತಿಳಿ ಜಾರಿ ಒಳಗೆ ಹೋಗಿರುತ್ತದೆ. ನುಂಗುವ ತೊಂದರೆ ಇರುವವರಿಗೆ ಇಂಥ ಎರಡು ಬಗೆ ಬೆರೆತ ಆಹಾರವೇ ಎಲ್ಲಕ್ಕಿಂತ ತ್ರಾಸದ್ದು. ಥೆರಪಿಸ್ಟ್ ಮೆತ್ತಗಿನ ಆಹಾರಕ್ಕೆ ಒಪ್ಪಿಗೆ ಕೊಟ್ಟರೆ ಅದೇ ಗಂಜಿಯನ್ನು ಮಿಕ್ಸಿಗೆ ಹಾಕಿ, ಅಗುಳು ಸಿಗದಂತೆ ಗಟ್ಟಿಯಾಗಿ ಮಾಡಿಸಿ. ಮಲಗಿಸಿಕೊಂಡು ತಿನ್ನಿಸಬಾರದು. ತಿಂದ ಮೇಲೂ ಅರ್ಧ ಗಂಟೆ ಕೂತಿರಲಿ.

ಐದು: ಜ್ವರ ಮತ್ತು ಸಕ್ಕರೆ

ಜ್ವರ, ಸಕ್ಕರೆ, ನುಂಗುವಿಕೆ. ಈ ಮೂರನ್ನು ನರ್ಸ್‌ಗಳು ಮೊದಲ ಮೂರು ದಿನ ನಿಯಮ ಹಾಕಿಕೊಂಡು ನೋಡಿದರೆ ಏನಾಗುತ್ತದೆ ಎಂದು ಆಸ್ಟ್ರೇಲಿಯಾದ 19 ಸ್ಟ್ರೋಕ್ ಯೂನಿಟ್‌ಗಳಲ್ಲಿ ಪರೀಕ್ಷಿಸಿದ್ದರು. 2011ರಲ್ಲಿ ಫಲಿತಾಂಶ ಬಂತು. 90 ದಿನಗಳ ನಂತರ ಸತ್ತವರು ಮತ್ತು ಬೇರೆಯವರನ್ನು ಅವಲಂಬಿಸಿದವರು ಮಾಮೂಲು ಆರೈಕೆಯಲ್ಲಿ ನೂರಕ್ಕೆ 58, ಈ ನಿಯಮ ಪಾಲಿಸಿದ ಕಡೆ 42. ಹೊಸ ಯಂತ್ರವಿಲ್ಲ, ದುಬಾರಿ ಔಷಧವಿಲ್ಲ. ಥರ್ಮಾಮೀಟರ್, ಗ್ಲುಕೋಮೀಟರ್, ಚಮಚ.

ಅಲ್ಲಿ 37.5 ಸೆಲ್ಸಿಯಸ್, ಅಂದರೆ ನಮ್ಮ ಥರ್ಮಾಮೀಟರಿನ 99.5 ದಾಟಿದರೆ ಪ್ಯಾರಾಸಿಟಮಾಲ್ ಕೊಡುತ್ತಿದ್ದರು. ‘ಸ್ವಲ್ಪ ಮೈಬಿಸಿ’ ಎಂದು ನಾವು ಬಿಟ್ಟುಬಿಡುವ ಜ್ವರವದು. ನಾಲ್ಕು ಗಂಟೆಗೊಮ್ಮೆ ನೋಡಿ. ಸಕ್ಕರೆಯನ್ನು ಸಾಮಾನ್ಯವಾಗಿ 140ರಿಂದ 180ರೊಳಗೆ ಇಡಲು ನೋಡುತ್ತಾರೆ.

ಆರು: ಮೂತ್ರ, ಚರ್ಮ, ಭುಜ

ಮೂತ್ರಕ್ಕೆ ಕ್ಯಾಥೆಟರ್ ಹಾಕುವುದು ವಾರ್ಡಿಗೆ ಸುಲಭ, ರೋಗಿಗೆ ಸೋಂಕಿನ ದಾರಿ. ಮೂತ್ರ ಕಟ್ಟಿಕೊಂಡಿದೆಯಾ, ಅಥವಾ ಗೊತ್ತಾಗದೆ ಹೋಗುತ್ತಿದೆಯಾ, ಅಥವಾ ಗೊತ್ತಾದರೂ ಹೇಳಲು ಮಾತಿಲ್ಲವಾ? ಮೂರಕ್ಕೂ ಆರೈಕೆ ಬೇರೆ. ಮೂರನೆಯವರಿಗೆ ಬೇಕಾದದ್ದು ಎರಡು ಗಂಟೆಗೊಮ್ಮೆ ಪ್ಯಾನ್ ಅಥವಾ ಯೂರಿನಲ್ ಹಿಡಿದು ಕೇಳುವವರು, ಅಷ್ಟೇ. ಮಲ ಕೊನೆಯ ಸಲ ಯಾವಾಗ ಹೋದದ್ದು ಎಂದು ಬರೆಯಿರಿ.

ಒತ್ತಡದ ಹುಣ್ಣಿನ ಅಪಾಯಕ್ಕೆ ಬ್ರೇಡನ್ ಪಟ್ಟಿ ಇದೆ. ಇದರಲ್ಲಿ ಅಂಕ ಕಡಿಮೆಯಾದಷ್ಟು ಅಪಾಯ. 23ರಲ್ಲಿ 18 ಅಥವಾ ಕೆಳಗಿದ್ದರೆ ಎಚ್ಚರ. ನಮ್ಮ ಮೈಬಣ್ಣದಲ್ಲಿ ಕೆಂಪು ಬೇಗ ಕಾಣುವುದಿಲ್ಲ. ಕೈಯ ಹಿಂಬದಿಯಿಂದ ಮುಟ್ಟಿ, ಬಿಸಿ ಅಥವಾ ಗಟ್ಟಿ ಅನಿಸುತ್ತದೆಯಾ ನೋಡಿ. ಸೊಂಟದ ಹಿಂಭಾಗ, ಹಿಮ್ಮಡಿ, ಕಿವಿಯ ಅಂಚನ್ನು ಬಿಡಬೇಡಿ.

ಬಲ ಹೋದ ಕೈಯನ್ನು ಹಿಡಿದೆಳೆದು ರೋಗಿಯನ್ನು ಎಬ್ಬಿಸುವುದನ್ನು ದಿನಾ ನೋಡುತ್ತೇವೆ. ಮನೆಯವರೂ ಮಾಡುತ್ತಾರೆ, ಅಟೆಂಡರೂ ಮಾಡುತ್ತಾರೆ. ಸ್ನಾಯು ಸಡಿಲವಾದ ಭುಜ ಸಂದಿಯಿಂದ ಜಾರಿ ತಿಂಗಳುಗಟ್ಟಲೆ ನೋವು ಕೊಡುತ್ತದೆ. ಕೈ ಕೆಳಗೆ ದಿಂಬು ಇಡಿ. ಎಬ್ಬಿಸುವಾಗ ಬೆನ್ನು, ಸೊಂಟಕ್ಕೆ ಆಸರೆ ಕೊಡಿ.

ಎದ್ದು ಕೂರಿಸುವುದು ಯಾವಾಗ? ಬೇಗ ಕೂರಿಸಿದಷ್ಟೂ ಒಳ್ಳೆಯದು ಎಂದು ಮೊದಲು ನಂಬಿದ್ದೆವು. 2015ರಲ್ಲಿ ಬಂದ ದೊಡ್ಡ ಅಧ್ಯಯನವೊಂದರಲ್ಲಿ ಮೊದಲ 24 ಗಂಟೆಯೊಳಗೆ ಜಾಸ್ತಿ ಜಾಸ್ತಿ ಎಬ್ಬಿಸಿ ನಡೆಸಿದವರಲ್ಲಿ ಚೇತರಿಕೆ ಕಡಿಮೆಯೇ ಇತ್ತು. ಮೊದಲ ದಿನ ಅವಸರ ಬೇಡ. ಆಮೇಲೆ ಸ್ವಲ್ಪ ಸ್ವಲ್ಪ, ಡಾಕ್ಟರ್ ಮತ್ತು ಫಿಸಿಯೋಥೆರಪಿಸ್ಟ್ ಹೇಳಿದಂತೆ.

ಏಳು: ಎಡಗಡೆ ಮರೆತವರನ್ನು ಹಿಡಿಯುವುದು

ಮೊದಲೇ ಹೇಳಿದ ಆ ಎರಡನೇ ಮಂಚದವರು ಸಾಮಾನ್ಯ ಪರೀಕ್ಷೆಯಲ್ಲಿ ಸುಲಭವಾಗಿ ಪಾಸಾಗುತ್ತಾರೆ. ಅವರನ್ನು ಊಟದ ತಟ್ಟೆಯಲ್ಲಿ ಹಿಡಿಯಬಹುದು. ಬಲಗಡೆಯ ಅನ್ನ ಖಾಲಿ, ಎಡಗಡೆಯ ಪಲ್ಯ ಹಾಗೇ ಇರುತ್ತದೆ. ಕ್ಷೌರ ಮಾಡಿಕೊಂಡರೆ ಬಲಗೆನ್ನೆ ಮಾತ್ರ. ಎರಡೂ ಕೈಯನ್ನು ಒಟ್ಟಿಗೆ ಮುಟ್ಟಿ ಎಲ್ಲಿ ಮುಟ್ಟಿದೆ ಎಂದು ಕೇಳಿ. ಒಂದೊಂದೇ ಮುಟ್ಟಿದಾಗ ಸರಿ ಹೇಳುವವರು ಒಟ್ಟಿಗೆ ಮುಟ್ಟಿದಾಗ ಬಲಗೈ ಮಾತ್ರ ಅನ್ನುತ್ತಾರೆ. ಇಂಥವರ ಮಂಚ ನರ್ಸಿಂಗ್ ಸ್ಟೇಷನ್‌ಗೆ ಕಾಣುವ ಜಾಗದಲ್ಲಿರಲಿ. ಕಾಲಿಂಗ್ ಬೆಲ್, ನೀರು ಬಲಗಡೆಗೆ. ಮಾತಾಡಿಸುವಾಗ ಮಾತ್ರ ನಿಧಾನವಾಗಿ ಎಡಗಡೆಗೆ ಗಮನ ಸೆಳೆಯಿರಿ.

ಕಾರಣವಿಲ್ಲದೆ ಅಳುವುದು, ನಗುವುದು ಸ್ಟ್ರೋಕಿನ ಭಾಗವಾಗಿರಬಹುದು ಎಂದು ಮನೆಯವರಿಗೆ ಹೇಳಿ. ಮಂಕಾಗಿ ಊಟ ಬಿಟ್ಟರೆ ಅದನ್ನೂ ಡಾಕ್ಟರಿಗೆ ತಿಳಿಸಬೇಕು.

ಎಂಟು: ದಿನದ ಕೆಲಸಗಳು, ಮತ್ತೆ ಮನೆ

ಬಾರ್ಥೆಲ್ ಪಟ್ಟಿ 1965ರದ್ದು. ಊಟ, ಸ್ನಾನ, ಬಟ್ಟೆ, ಶೌಚ, ನಡಿಗೆ, ಮೆಟ್ಟಿಲು ಹೀಗೆ ಹತ್ತು ಕೆಲಸ, ಒಟ್ಟು 100 ಅಂಕ. ಇದರಲ್ಲಿ ಬರೆಯಬೇಕಾದದ್ದು ರೋಗಿ ‘ಮಾಡಬಲ್ಲರು’ ಅನ್ನುವುದನ್ನಲ್ಲ, ‘ಮಾಡುತ್ತಿದ್ದಾರೆ’ ಅನ್ನುವುದನ್ನು. ತಾನೇ ಉಣ್ಣಬಲ್ಲ ಅಜ್ಜನಿಗೆ ಸೊಸೆ ತುತ್ತು ಕೊಡುತ್ತಿದ್ದರೆ ಅಂಕ ಇಳಿಯುತ್ತದೆ. ಸೊಸೆಗೆ ಹಾಗೆಯೇ ಬಿಡಿಸಿ ಹೇಳಿ, ‘ಅಕ್ಕ, ಚೆಲ್ಲಿದರೂ ಪರವಾಗಿಲ್ಲ, ಅವರೇ ಉಣ್ಣಲಿ’. ಕಾಯಿಲೆಗೆ ಮೊದಲು ಎಷ್ಟು ಮಾಡುತ್ತಿದ್ದರು ಎಂಬ ಅಂಕವನ್ನೂ ಪಕ್ಕದಲ್ಲಿ ಬರೆಯಿರಿ. ಮೊದಲೇ ಕೋಲು ಹಿಡಿದು ನಡೆಯುತ್ತಿದ್ದವರಿಗೆ ಓಡುವ ಗುರಿ ಇಡಲಾಗದು.

ಶಿಫ್ಟ್ ಬದಲಾಗುವಾಗ ಒಟ್ಟು ಅಂಕ ಹೇಳಿ ಮುಗಿಸಬೇಡಿ. ‘ಬಾರ್ಥೆಲ್ 35’ ಅಂದರೆ ಮುಂದಿನವರಿಗೆ ಏನೂ ಗೊತ್ತಾಗುವುದಿಲ್ಲ. ‘ಮಗ್ಗುಲು ಬದಲಿಸಲು ಇಬ್ಬರು ಬೇಕು, ಗಟ್ಟಿ ಆಹಾರ ಬಲಗಡೆಯಿಂದ, ತುಳುವಿನಲ್ಲಿ ಹೇಳಿದರೆ ಅರ್ಥವಾಗುತ್ತದೆ, ಬೆಳಿಗ್ಗೆಗಿಂತ ಈಗ ಮಂಪರು ಜಾಸ್ತಿ’ ಎಂದು ಹೇಳಿ. ಮೊದಲ ಮೂರು ದಿನ ಪ್ರತಿ ಶಿಫ್ಟಿನಲ್ಲೂ ಮತ್ತೆ ಅಳೆಯಬೇಕು.

ಮನೆಗೆ ಕಳಿಸುವ ಮಾತು ಬಂದಾಗ ಮನೆಯನ್ನೇ ಅಳೆಯಿರಿ. ರಸ್ತೆಯಿಂದ ಅಂಗಳಕ್ಕೆ ಎಷ್ಟು ಮೆಟ್ಟಿಲು? ಶೌಚಾಲಯ ಹೊರಗಾ? ಕುಕ್ಕರಗಾಲಿನಲ್ಲಿ ಕೂರುವ ಕಕ್ಕಸಾದರೆ ಕಮೋಡ್ ಕುರ್ಚಿ ಬೇಕು. ನಿರ್ಧಾರ ಮಾಡುವ ಮಗ ದುಬೈಯಲ್ಲಿ, ನೋಡಿಕೊಳ್ಳುವವರು ಅರುವತ್ತು ದಾಟಿದ ಹೆಂಡತಿ ಎಂಬ ಮನೆಗಳೇ ಹೆಚ್ಚು. ವಿಡಿಯೋ ಕಾಲ್‌ನಲ್ಲಿ ಮಗನಿಗೆ ಹೇಳಿದ್ದನ್ನು ಹೆಂಡತಿಯ ಕೈಯಲ್ಲಿ ಮಾಡಿಸಿ ನೋಡಿ. ಮಗ್ಗುಲು ಬದಲಿಸುವುದು, ಟ್ಯೂಬ್ ಇದ್ದರೆ ಅದರಲ್ಲಿ ಆಹಾರ ಕೊಡುವುದು, ಬಾಯಿ ತೊಳೆಯುವುದನ್ನು ಅವರು ವಾರ್ಡಿನಲ್ಲೇ ನಿಮ್ಮೆದುರು ಮಾಡಿ ತೋರಿಸಲಿ.

ಕೇರಳ 2008ರಲ್ಲೇ ಪಾಲಿಯೇಟಿವ್ ಆರೈಕೆಗೆ, ಅಂದರೆ ದೀರ್ಘ ಕಾಯಿಲೆಯವರ ನೋವು, ತ್ರಾಸ ಕಡಿಮೆ ಮಾಡುವ ಆರೈಕೆಗೆ, ನೀತಿ ಮಾಡಿದೆ. ಪಂಚಾಯತ್ ಮೂಲಕ ಪಾಲಿಯೇಟಿವ್ ನರ್ಸ್ ಮನೆಗೆ ಬಂದು ಹಾಸಿಗೆ ಹಿಡಿದವರನ್ನು ನೋಡುತ್ತಾರೆ. ಇದು ಕ್ಯಾನ್ಸರ್‌ನವರಿಗೆ ಮಾತ್ರ ಎಂದುಕೊಂಡು ಕೇಳದೆ ಇರುವವರು ಇನ್ನೂ ಇದ್ದಾರೆ. ಮಂಗಳೂರಿನಲ್ಲಿ ಡಿಸ್ಚಾರ್ಜ್ ಆಗಿ ಎಣ್ಮಕಜೆಗೆ ಹೋಗುವವರ ವಿಷಯ ಇಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಾನಾಗಿ ತಲುಪುವುದಿಲ್ಲ. ಡಿಸ್ಚಾರ್ಜ್ ಫೈಲಿನ ಜೊತೆ ಬೇರೆ ಒಂದು ಹಾಳೆ ಕೊಡಿ. ನುಂಗುವ ಸ್ಥಿತಿ, ಟ್ಯೂಬ್ ಅಥವಾ ಕ್ಯಾಥೆಟರ್ ಹಾಕಿದ ದಿನ, ಬದಲಿಸಬೇಕಾದ ದಿನ, ಚರ್ಮ ಎಲ್ಲಿ ಕೆಂಪಾಗಿದೆ, ಬಿಪಿ ಮತ್ತೆ ಯಾವಾಗ ನೋಡಬೇಕು ಎಂದು ಅದರಲ್ಲಿರಲಿ. ಅದನ್ನು ಆಶಾ ಕಾರ್ಯಕರ್ತೆಯ ಕೈಗೆ ಕೊಡಲು ಮನೆಯವರಿಗೆ ಹೇಳಿ, ಅದರ ಫೋಟೋ ಮಗನ ವಾಟ್ಸಾಪ್‌ಗೂ ಹೋಗಲಿ.